ಬ್ಯಾಂಕಿನ ಅಜ್ಜ ಬರೆದದ್ದು

“ಇದೇನೇ ಇದು? ಇದೊಂದು ಬೈಗುಳಾನಾ? ನಮ್ಮಜ್ಜಿ ಬೆಕ್ಕಿಗೆ ಇದಕ್ಕಿಂತ ಜೋರಾಗಿ ಬಯ್ತಿದ್ಲು! ‘ಆ ಹೆಂಗಸು ಸ್ವಲ್ಪ ಯೋಚನೆ ಮಾಡಬೇಕಿತ್ತು’ ಅಂತೆ! ಯಾರಿಗೇ ಬೇಕು ನಿನ್ನ ಯೋಚನೆ? ಲೌಡಿ ಅನ್ನು. ಹಾದರಗಿತ್ತಿ ಅನ್ನು. ಗಂಡನ ಹೆಣ ಮುಂದಿಟ್ಕೊಂಡು ವ್ಯಾಪಾರಕ್ಕೆ ಕೂತಿದಾಳೆ ಅನ್ನು. ಬೆರಳಿಗೇನು ಲಕ್ವ ಹೊಡೆದಿದೆಯಾ ನಿಂಗೆ?”

ಮೇಸ್ತ್ರಿ ಕುಳ್ಳಿಯ ಭುಜದ ಮೇಲಿಂದ ಬಗ್ಗಿ, ಅವಳ ಕೈಯಲ್ಲಿದ್ದ ಫೋನಿನ ಗಾಜಿಗೆ ಉಗುರಿನಿಂದ ಕುಟ್ಟಿ ಕುಟ್ಟಿ ಹೇಳುತ್ತಿದ್ದ. ಅವನನ್ನು ಟೀಮ್ ಲೀಡರ್ ಅನ್ನಬೇಕು ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹನ್ನೆರಡು ಮೇಜಿನ ಹನ್ನೆರಡು ಹೆಂಗಸರೂ ಅವನ ಬೆನ್ನ ಹಿಂದೆ ಮೇಸ್ತ್ರಿ ಅಂತಲೇ ಅನ್ನುತ್ತಿದ್ದರು. ಗಾರೆ ಕೆಲಸ, ಮನೆಗೆಲಸ ಮಾಡಿ ಬಂದವರು. ತಲೆ ಮೇಲೆ ನಿಂತು ಕೂಗುವವನಿಗೆ ಅವರಲ್ಲಿ ಬೇರೆ ಹೆಸರಿರಲಿಲ್ಲ.

“ಮಾಡ್ತೀನಿ ಸಾರ್,” ಅಂದಳು ಕುಳ್ಳಿ.

“ಮಾಡ್ತೀನಿ ಅಲ್ಲ, ಮಾಡು. ನಗರಸಭೆ ಅಧ್ಯಕ್ಷರ ಮನೆಯಿಂದ ಬೆಳಗ್ಗೆಯಿಂದ ನಾಲ್ಕು ಸಲ ಫೋನ್ ಬಂತು. ಮೂರು ದಿನ ಆಯ್ತು, ಆ ರಂಡೆ ನಗರಸಭೆ ಬಾಗಿಲಲ್ಲಿ ಹೆಣ ಇಟ್ಕೊಂಡು ಕೂತು. ಸಂಜೆ ನಾಲ್ಕಕ್ಕೆ ಜಿಲ್ಲೆಯಿಂದ ದೊಡ್ಡ ಸಾಹೇಬರು ಬಂದು ವಿಚಾರಣೆ ವರದಿ ಬರೀತಾರೆ. ಅಷ್ಟರೊಳಗೆ ಊರೆಲ್ಲ ಅವಳ ಮುಖಕ್ಕೆ ಉಗೀಬೇಕು.”

ಹೆಣ ಕುಳ್ಳಿಯ ಅಣ್ಣನದು. ರಂಡೆ ಅಂದದ್ದು ಅವಳ ಅತ್ತಿಗೆಯನ್ನು.

ಇದು ಆ ಕೋಣೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ಮೇಸ್ತ್ರಿ ಕೇಳಿದ್ದು ಎರಡೇ ಮಾತು: ಬೆರಳು ಚುರುಕಾ, ಮನೆ ಎಲ್ಲಿ. ಮಲದ ಗುಂಡಿಗೆ ಇಳಿಯುವವರ ಸಾಲುಮನೆ ಅಂದಿದ್ದರೆ ಕುಡಿಯುವ ನೀರಿನ ಕ್ಯಾನ್ ಮುಟ್ಟಲೂ ಬಿಡುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಅಂದು ಬಾಯಿ ಮುಚ್ಚಿಕೊಂಡಿದ್ದಳು. ಆ ಸುಳ್ಳಿನ ಮೇಲೆ ಎರಡು ವರ್ಷ ಅನ್ನ ತಿಂದಿದ್ದಳು.

ಮೂರು ದಿನದ ಹಿಂದೆ ಬೆಳಗ್ಗೆ ನಗರಸಭೆಯ ಹೆಲ್ತ್ ಇನ್ಸ್‌ಪೆಕ್ಟರು ಸ್ಕೂಟರಿನಲ್ಲಿ ಬಂದು, ಮನೆ ಬಾಗಿಲಲ್ಲಿ ಹಾರ್ನ್ ಹೊಡೆದು, ಅಣ್ಣನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದ. ಆಸ್ಪತ್ರೆ ಹಿಂದಿನ ಗುಂಡಿ ಕಟ್ಟಿಕೊಂಡಿತ್ತು. ಅಣ್ಣ ಇಳಿದ. ಮೇಲೆ ಬಂದದ್ದು ಹಗ್ಗ ಮಾತ್ರ. ಹೆಣ ತೆಗೆಯಲು ಇನ್ನೂ ಎರಡು ತಾಸು ಬೇಕಾಯಿತು. ಈಗ ನಗರಸಭೆಯವರು ನಾವು ಯಾರನ್ನೂ ಇಳಿಸಿಲ್ಲ, ಅವನೇ ಕುಡಿದು ಹೋಗಿ ಬಿದ್ದ ಅನ್ನುತ್ತಿದ್ದರು. ಅತ್ತಿಗೆ ಕೇಳುತ್ತಿದ್ದದ್ದು ಒಂದೇ ಸಾಲು. ‘ನಾವು ಇಳಿಸಿದೆವು’ ಅಂತ ಕಾಗದದ ಮೇಲೆ ಬರೆದುಕೊಡಿ, ಅಲ್ಲಿಯವರೆಗೆ ಹೆಣ ಎತ್ತುವುದಿಲ್ಲ.

ಕುಳ್ಳಿ ರಜೆ ಕೇಳಿದ್ದರೆ ಯಾಕೆ ಅಂತ ಹೇಳಬೇಕಿತ್ತು. ಅತ್ತಿಗೆಯೇ ಕಳಿಸಿದ್ದಳು. “ನೀನೂ ಬೀದಿಗೆ ಬಿದ್ರೆ ಮಗೂಗೆ ಅನ್ನ ಹಾಕೋರ್ಯಾರು, ನಡಿ ನಿನ್ನ ಫೋನ್ ಆಫೀಸಿಗೆ” ಅಂದಿದ್ದಳು. ಫೋನ್ ಆಫೀಸು ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ, ಪಾಪ. ಹಾಸಿಗೆ ಅಂಗಡಿಯ ಮೇಲಿನ ಮೂರನೇ ಮಹಡಿ. ಕಿಟಕಿಗಳಿಗೆ ಕಪ್ಪು ಕಾಗದ. ಮೇಜಿಗೊಂದು ಮರದ ಚೌಕಟ್ಟು, ಅದರಲ್ಲಿ ಐದು ಸಾಲು, ಸಾಲಿಗೆ ಆರರಂತೆ ಮೂವತ್ತು ಫೋನು. ಫೋನಿಗೊಂದು ನಕಲಿ ಖಾತೆ, ಖಾತೆಗೊಬ್ಬ ಮನುಷ್ಯ: ಒಬ್ಬ ನಿವೃತ್ತ ಸಿಪಾಯಿ, ಒಬ್ಬಳು ಡಾಕ್ಟರ್ ಓದುವ ಹುಡುಗಿ, ಒಬ್ಬ ಅಂಗಡಿ ಸಾಹುಕಾರ. ಮೂವತ್ತು ಜನರ ಬಾಯಲ್ಲೂ ಒಬ್ಬಳೇ ಮಾತಾಡಬೇಕು. ಹೆಬ್ಬೆರಳಿಗೆ ಬೊಬ್ಬೆ ಬರದಿರಲಿ ಅಂತ ಎಲ್ಲರೂ ಪಟ್ಟಿ ಸುತ್ತಿಕೊಂಡು ಕೂರುತ್ತಿದ್ದರು.

ತಾನು ಬಿಟ್ಟು ಹೋದರೆ ಈ ಮೂವತ್ತು ಬಾಯಿ ಇನ್ನೊಬ್ಬಳ ಕೈಗೆ ಹೋಗುತ್ತವೆ, ಅವಳು ಅತ್ತಿಗೆಯನ್ನು ಹರಿದು ತಿನ್ನುತ್ತಾಳೆ, ತನ್ನ ಕೈಯಲ್ಲಿದ್ದರೆ ಒಂದಿಷ್ಟು ಮೆತ್ತಗಾದರೂ ಬಯ್ಯಬಹುದು. ಹೀಗೆ ಲೆಕ್ಕ ಹಾಕಿ ಕುಳ್ಳಿ ಬಂದು ಕೂತಿದ್ದಳು. ಅಣ್ಣನ ಹೆಣ ಬಾಗಿಲಲ್ಲಿಟ್ಟುಕೊಂಡು ಮಾಡುವ ಲೆಕ್ಕವೇ ಅದು! ಆದರೆ ಅವಳಿಗೆ ಬೇರೆ ಲೆಕ್ಕ ತೋಚಲಿಲ್ಲ.

ಮೂವತ್ತು ಜನರಲ್ಲಿ ಅವಳಿಗೆ ಇಷ್ಟವಾದವನು ಬ್ಯಾಂಕಿನ ಅಜ್ಜ. ಬಿಳಿ ಕೂದಲು, ದಪ್ಪ ಕನ್ನಡಕ, ನಿವೃತ್ತ ಮ್ಯಾನೇಜರ್. ಫೋಟೋ ಯಾರದೋ. ಬೆಳಗ್ಗೆ ಎದ್ದು ಎಲ್ಲರಿಗೂ ಶುಭವಾಗಲಿ ಅಂತ ಬರೆಯುತ್ತಿದ್ದ, ಸಕ್ಕರೆ ಕಾಯಿಲೆಗೆ ಮದ್ದು ಹೇಳುತ್ತಿದ್ದ. ನಾಲ್ಕು ಸಾವಿರ ಜನ ಅವನ ಹಿಂದೆ ಇದ್ದರು. “ನೀವು ಹೇಳಿದ್ರೆ ಸರಿ ಸರ್” ಅಂತ ಯಾರಾದರೂ ಬರೆದಾಗ ಕುಳ್ಳಿಗೆ ಒಳಗೊಳಗೇ ನಗು. ಹುಟ್ಟಿದಾಗಿನಿಂದ ಅವಳ ಮಾತಿಗೆ ಸರಿ ಅಂದವರು ಇರಲಿಲ್ಲ.

ಪರದೆಯ ಮೇಲೆ ಕುಡುಕ, ಕುಡುಕ, ಕುಡುಕ ಅಂತ ಒಂದರ ಕೆಳಗೊಂದು ಬೀಳುತ್ತಿತ್ತು. ಪಕ್ಕದ ಮೇಜಿನ ಬಸುರಿ ಹುಡುಗಿಯೇ ಐವತ್ತು ಸಲ ಹಾಕಿದ್ದಳು. ಕುಳ್ಳಿ ಕೈಯಲ್ಲಿದ್ದ ಫೋನು ಕೆಳಗಿಟ್ಟಳು. ಕುಡುಕ ಅನ್ನುತ್ತೀರಲ್ಲ, ಯಾಕೆ ಅಂತ ಒಮ್ಮೆ ಕೇಳಿದ್ದೀರಾ? ಯಾಕೆ ಅಂತ ಗೊತ್ತಾದರೆ ಯಾರು ತಾನೇ ಬಯ್ಯುತ್ತಾರೆ? ಅವರ ಸಾಲುಮನೆಯಲ್ಲಿ ಕುಡಿದು ಗುಂಡಿಗೆ ಇಳಿಯುವುದು ಚಪ್ಪಲಿ ಮೆಟ್ಟಿಕೊಂಡಷ್ಟೇ ಸಾಮಾನ್ಯದ ಮಾತು. ಮುಚ್ಚಿಡುವಂಥದ್ದು ಅಂತ ಅವಳಿಗೆ ಅನಿಸಲೇ ಇಲ್ಲ. ಅಜ್ಜನ ಫೋನು ಕೈಗೆತ್ತಿಕೊಂಡು ಒಂದೇ ಉಸಿರಿಗೆ ಬರೆದಳು.

“ಸತ್ತವನನ್ನು ಬಯ್ಯಬೇಡಿ. ಆ ಗುಂಡಿಗೆ ಯಾರೂ ಮೈಮೇಲೆ ಎಚ್ಚರ ಇಟ್ಟುಕೊಂಡು ಇಳಿಯಲಾರರು. ಅರ್ಧ ಪ್ಯಾಕೆಟ್ ಕುಡಿದು, ಉಳಿದರ್ಧ ಮೂಗಿಗೆ ಕಟ್ಟುವ ಬಟ್ಟೆಗೆ ಸುರಿದುಕೊಂಡು ಇಳಿಯುತ್ತಾರೆ. ಅವನೂ ಹಾಗೇ ಇಳಿದ. ನಿಮ್ಮ ಮಗನಾಗಿದ್ದರೂ ಹಾಗೇ ಇಳಿಯಬೇಕಿತ್ತು.”

ಕಳಿಸಿದ ಮೇಲೆ, ಮೂರು ದಿನದಲ್ಲಿ ಮೊದಲ ಸಲ, ಎದೆ ಹಗುರಾಯಿತು.

“ಯಾರೇ ಈ ಬ್ಯಾಂಕಿನ ಮುದುಕ?” ಅರ್ಧ ಗಂಟೆಗೆ ಮೇಸ್ತ್ರಿ ಕೂಗಿದ. “ಕುಳ್ಳಿ, ನಿಂದಲ್ವಾ?”

ಸಿಕ್ಕಿಬಿದ್ದೆ ಅಂದುಕೊಂಡಳು. ಮೇಸ್ತ್ರಿ ಎದ್ದು ಬಂದು ಅವಳ ಬೆನ್ನಿಗೆ ಒಂದು ಬಿಟ್ಟ, ಶಭಾಷ್ ಅನ್ನುವ ಹಾಗೆ.

“ದಡ್ಡಿ ಅನ್ಕೊಂಡಿದ್ದೆ ಕಣೇ ನಿನ್ನ! ಏನು ಕಿಲಾಡಿ ನೀನು! ಅಯ್ಯೋ ಪಾಪ ಅಂತ ಶುರು ಮಾಡಿ ಕುಡುಕ ಅಂತ ಒಪ್ಪಿಸ್ಬಿಟ್ಯಲ್ಲ! ಮೊದಲಿಂದೂ ಬೇಡ, ಕೊನೇದೂ ಬೇಡ. ‘ಅರ್ಧ ಪ್ಯಾಕೆಟ್’ನಿಂದ ‘ಹಾಗೇ ಇಳಿದ’ ತನಕ ಎರಡು ಸಾಲು, ಮುದುಕನ ಫೋಟೋ. ಎಲ್ಲಾ ಮೇಜಿಂದ ಹೋಗ್ಲಿ!”

“ಸಾರ್, ಅದು ಹಂಗಲ್ಲ... ನಾನು...”

“ಮತ್ತೆ ಹೆಂಗೆ?”

ಮೇಸ್ತ್ರಿ ಅತ್ತ ತಿರುಗಿದ ಕೂಡಲೇ ಕುಳ್ಳಿ ಅಜ್ಜನ ಫೋನಿನಲ್ಲಿ ಬರೆದದ್ದನ್ನು ಅಳಿಸಿಹಾಕಿದಳು. ಅಷ್ಟರಲ್ಲಿ ಅದು ಚಿತ್ರವಾಗಿ ಮುನ್ನೂರ ಅರವತ್ತು ಫೋನಿನಿಂದ ಹೊರಟು, ಊರವರ ಕೈಸೇರಿ, ಊರ ಟೀವಿ ಚಾನೆಲ್ಲಿನ ಪರದೆಗೂ ಹತ್ತಿತ್ತು. ‘ಹಿರಿಯರೊಬ್ಬರು ಬಿಚ್ಚಿಟ್ಟ ಸತ್ಯ.’

ಬಸುರಿ ಹುಡುಗಿ ಈ ಕಡೆ ಬಾಗಿ ಪಿಸುಗುಟ್ಟಿದಳು. “ಅಲ್ವೇ, ಬಟ್ಟೆಗೆ ಸುರ್ಕೊಳ್ಳೋದೆಲ್ಲ ನಿಂಗೆ ಹೆಂಗೆ ಗೊತ್ತೇ?”

“ಎಲ್ಲೋ ಓದಿದ್ದೆ,” ಅಂದಳು ಕುಳ್ಳಿ.

ಊಟದ ಬಿಡುವು ಅರ್ಧ ಗಂಟೆ. ಕುಳ್ಳಿ ಡಬ್ಬಿ ಬಿಚ್ಚದೆ ಮೂರು ಮಹಡಿ ಇಳಿದು ನಗರಸಭೆಗೆ ಓಡಿದಳು. ಗೇಟಿನ ಮುಂದೆ ಪ್ಲಾಸ್ಟಿಕ್ ಹೊದಿಕೆಯ ನೆರಳಲ್ಲಿ ಐಸ್ ಪೆಟ್ಟಿಗೆ, ಅದರ ಹಿಡಿಗೆ ಕೈ ಹಾಕಿಕೊಂಡು ಅತ್ತಿಗೆ. ಮುಂದೆ ಅದೇ ಹೆಲ್ತ್ ಇನ್ಸ್‌ಪೆಕ್ಟರು, ಅವನ ಹಿಂದೆ ಆರು ಜನ ಪೊಲೀಸರು, ಹಿಂಬಾಗಿಲು ತೆರೆದಿಟ್ಟ ವ್ಯಾನು.

“ನೋಡಮ್ಮ, ನಾವು ಹೇಳ್ತಿಲ್ಲ, ಊರಿನ ದೊಡ್ಡ ಮನುಷ್ಯರು ಹೇಳ್ತಿದಾರೆ.” ಇನ್ಸ್‌ಪೆಕ್ಟರು ಫೋನನ್ನು ಅವಳ ಮೂಗಿಗೆ ಹಿಡಿದ. “ರಕ್ತ ಪರೀಕ್ಷೆಗೆ ಹೆಣ ತಗೊಂಡು ಹೋಗ್ಬೇಕು. ಕುಡಿದಿರಲಿಲ್ಲ ಅಂದ್ರೆ ನಿಂಗ್ಯಾಕೆ ಭಯ?”

“ನೀನೇ ಬಂದು ಕರ್ಕೊಂಡು ಹೋದ್ಯಲ್ಲೋ ನಾಯಿ! ನಿನ್ನ ಗಾಡೀಲಿ ಕೂರಿಸ್ಕೊಂಡು ಹೋದ್ಯಲ್ಲ! ಅದನ್ನ ಬರಿ ಮೊದಲು!”

“ನಾಲಿಗೆ ಬಿಗಿಹಿಡಿ. ಯಾರು ನೋಡಿದಾರೆ? ಇದನ್ನ ಕೇಳು, ‘ಅರ್ಧ ಪ್ಯಾಕೆಟ್ ಕುಡಿದು, ಉಳಿದರ್ಧ ಮೂಗಿಗೆ ಕಟ್ಟುವ ಬಟ್ಟೆಗೆ ಸುರಿದುಕೊಂಡು...’”

“ಯಾವನೋ ಅವನು ಅಜ್ಜ? ಕರ್ಕೊಂಡು ಬಾ ಇಲ್ಲಿ! ನಮ್ಮ ಒಲೆ ಮುಂದೆ ನಡೆದಿದ್ದು ಅವನಿಗೆ ಹೆಂಗೆ...”

ಅತ್ತಿಗೆಯ ಮಾತು ಅಲ್ಲೇ ನಿಂತಿತು. ಆವತ್ತು ಒಲೆ ಮುಂದೆ ಇದ್ದದ್ದು ಮೂವರು. ಅಣ್ಣ ಕುಡಿದು ಪ್ಯಾಕೆಟ್ ಚಾಚಿದ, ಕುಳ್ಳಿ ಬಟ್ಟೆ ಹಿಡಿದಳು, ಅತ್ತಿಗೆ ಸುರಿದಳು. ಅತ್ತಿಗೆ ನಿಧಾನವಾಗಿ ತಲೆ ತಿರುಗಿಸಿ, ಓಡಿಬಂದು ಏದುಸಿರು ಬಿಡುತ್ತಿದ್ದ ನಾದಿನಿಯನ್ನು ನೋಡಿದಳು. ಹೆಬ್ಬೆರಳಿನ ಪಟ್ಟಿಯನ್ನು ನೋಡಿದಳು.

“ಫೋನ್ ಆಫೀಸು ಅಂದಿದ್ಯಲ್ಲ. ನೀನಾ?”

“ಅತ್ತಿಗೆ, ನಾನು ಒಳ್ಳೇದಕ್ಕೇ... ಅಣ್ಣನ್ನ ಬಯ್ತಿದ್ರು, ತಡ್ಕೊಳ್ಳೋಕಾಗ್ಲಿಲ್ಲ...”

ಹೊಡೆದಿದ್ದರೆ ಚೆನ್ನಾಗಿತ್ತು. ಅತ್ತಿಗೆ ಹೊಡೆಯಲಿಲ್ಲ. ಪೊಲೀಸರು ಪೆಟ್ಟಿಗೆಗೆ ಕೈ ಹಾಕಿದ್ದರು.

“ಹಿಡ್ಕೊಳ್ಳೇ!” ಅಂತ ಕಿರುಚಿದಳು. “ಆ ಕಡೆ ಹಿಡ್ಕೋ, ಬಿಡಬೇಡ!”

ಇಬ್ಬರು ಹೆಂಗಸರು ಎಷ್ಟು ಹೊತ್ತು ಹಿಡಿದಾರು? ಬೆರಳ ಗಂಟುಗಳ ಮೇಲೆ ಲಾಠಿ ಬಿತ್ತು. ಪೆಟ್ಟಿಗೆಯೊಳಗೆ ಅಣ್ಣ ಒಂದು ಕಡೆಗೆ ಹೊರಳಿದ ಸದ್ದು ಕೇಳಿಸಿತು. ಆ ಸದ್ದಿಗೆ ಕುಳ್ಳಿಯ ಕೈ ತಾನಾಗಿ ಬಿಟ್ಟುಕೊಂಡಿತು. ವ್ಯಾನು ಹೋಯಿತು. ನಿಂತು ನೋಡುತ್ತಿದ್ದವರಲ್ಲಿ ಇಬ್ಬರು ಫೋನು ಎತ್ತಿ ಹಿಡಿದಿದ್ದರು, ಒಬ್ಬ “ಕುಡುಕನ ಹೆಣಕ್ಕೆ ಎಷ್ಟು ನಾಟಕ ನೋಡು” ಅಂದ. ಆ ಮಾತನ್ನು ಅದೇ ರೀತಿ, ಅಕ್ಷರ ಬಿಡದೆ, ಬೆಳಗ್ಗೆ ಮೂರನೇ ಮೇಜಿನವಳು ಬರೆದದ್ದನ್ನು ಕುಳ್ಳಿ ನೋಡಿದ್ದಳು.

ಅತ್ತಿಗೆ ರಸ್ತೆಯ ಮೇಲೆ ಕೂತಿದ್ದಳು, ಐಸ್ ಕರಗಿದ ನೀರು ಚೆಲ್ಲಿದ ಜಾಗದಲ್ಲಿ.

“ಬರೆದವಳು ನೀನು. ಹೋಗಿ ಅಳ್ಸು.”

“ಅಳ್ಸಿದೆ ಅತ್ತಿಗೆ. ಅಳ್ಸಿದ್ರೂ ಹೋಗಲ್ಲ. ಒಂದ್ಸಲ ಹೊರಗೆ ಹೋದ್ರೆ...”

“ಹಂಗಾದ್ರೆ ಪೂರ್ತಿ ಹೇಳು,” ಅಂದಳು ಅತ್ತಿಗೆ. “ಅರ್ಧ ಹೇಳಿ ನನ್ನ ಮನೆ ಹಾಳು ಮಾಡಿದೀಯ. ಇನ್ನರ್ಧ ಯಾರು ಹೇಳ್ತಾರೆ, ನಿಮ್ಮಪ್ಪಾನಾ?”

ಕುಳ್ಳಿ ಮೂರನೇ ಮಹಡಿ ಹತ್ತುವಾಗ ಮೂರು ಗಂಟೆ ಹೊಡೆದಿತ್ತು. “ಎಲ್ಲಿ ಸತ್ತಿದ್ಯೇ?” ಅಂತ ಮೇಸ್ತ್ರಿ ತನ್ನ ಮೇಜಿನಿಂದಲೇ ಕೂಗಿದ. ನೇರ ಹೋಗಿ ಕೂತಳು. ಬಾತ ಬೆರಳಿನಿಂದ ಬ್ಯಾಂಕಿನ ಅಜ್ಜನ ಫೋನು ತೆಗೆದು ನೇರ ಪ್ರಸಾರದ ಗುಂಡಿ ಒತ್ತಿದಳು. ಆಮೇಲೆ ಸಿಪಾಯಿಯದು. ಆಮೇಲೆ ಡಾಕ್ಟರ್ ಹುಡುಗಿಯದು. ಸಾಲಿನಿಂದ ಸಾಲಿಗೆ ಮೂವತ್ತೂ ಒತ್ತಿ, ಚೌಕಟ್ಟಿನ ಎದುರು ಎದ್ದು ನಿಂತಳು. ಮೂವತ್ತು ಪರದೆಗಳಲ್ಲಿ ಅವಳ ಕಪ್ಪು, ಬೆವತ ಮುಖ ಕಾಣಿಸಿತು.

“ನಾನೇ ಬ್ಯಾಂಕಿನ ಅಜ್ಜ,” ಅಂದಳು. “ನಿಮಗೆ ಬೆಳಗ್ಗೆ ಬೆಳಗ್ಗೆ ಶುಭವಾಗಲಿ ಅಂತಿದ್ದೋಳು ನಾನೇ. ಸಿಪಾಯೀನೂ ನಾನೇ. ಸತ್ತೋನು ನಮ್ಮಣ್ಣ.”

ಕೋಣೆಯಲ್ಲಿ ಟಿಕಿಟಿಕಿ ನಿಂತುಹೋಯಿತು. ಅವಳು ಅಜ್ಜನ ಫೋನನ್ನು ಎತ್ತಿ ಸುತ್ತ ತಿರುಗಿಸಿದಳು: ಮೇಜುಗಳು, ಚೌಕಟ್ಟುಗಳು, ಕಪ್ಪು ಕಾಗದ. ಹೆಂಗಸರು ದಡಬಡಿಸಿ ಕೈಯಲ್ಲಿ ಮುಖ ಮುಚ್ಚಿಕೊಂಡರು.

“ಸೂಳೆಮುಂಡೆ! ಆರ್ಸೇ ಅದನ್ನ!” ಮೇಸ್ತ್ರಿ ಕುರ್ಚಿ ಬೀಳಿಸಿಕೊಂಡು ಓಡಿಬಂದ. ಚೌಕಟ್ಟಿನಿಂದ ಒಂದೊಂದೇ ಫೋನು ಕೀಳುತ್ತ ಉಳಿದವರ ಕಡೆ ಕಿರುಚಿದ. “ಏನು ನೋಡ್ತಿದೀರಾ? ಬರೀರಿ! ಹುಚ್ಚಿ ಅನ್ನಿ, ದುಡ್ಡು ತಗೊಂಡಿದಾಳೆ ಅನ್ನಿ! ಬರೀದೇ ಇರೋಳು ಇವತ್ತೇ ಮನೆಗೆ!”

ಮೂಲೆಯಲ್ಲಿ ಒಂದು ಹೆಬ್ಬೆರಳು ಶುರುವಾಯಿತು. ಇನ್ನೊಂದು. ಒಂದು ಕೈ ಮುಖದ ಮೇಲೆ, ಇನ್ನೊಂದು ಕೈ ಫೋನಿನ ಮೇಲೆ. ಕುಳ್ಳಿಯ ಮುಖದ ಕೆಳಗೆ ಬೈಗುಳ ಏರತೊಡಗಿದವು. ಯಾವುದು ಯಾವ ಮೇಜಿನದು ಅಂತ ಅವಳಿಗೆ ಓದುತ್ತಿದ್ದ ಹಾಗೇ ಗೊತ್ತಾಗುತ್ತಿತ್ತು. ‘ಕುಡುಕನ ತಂಗಿ, ಇವಳೂ ಕುಡಿದಿದಾಳೆ’ ಅಂತ ಒಂದು ಬಂತು. ಪಕ್ಕಕ್ಕೆ ನೋಡಿದಳು. ಬಸುರಿ ಹುಡುಗಿ ಮುಖ ಮುಚ್ಚಿಕೊಂಡಿರಲಿಲ್ಲ. ಕಣ್ಣು, ಮೂಗು ಒಂದೇ ಸಮನೆ ಸುರಿಯುತ್ತಿದ್ದವು, ಹೆಬ್ಬೆರಳು ಓಡುತ್ತಲೇ ಇತ್ತು.

“ಬರಿಯವ್ವಾ,” ಅಂದಳು ಕುಳ್ಳಿ. “ನಿನ್ನ ಹೊಟ್ಟೇಲಿರೋದಕ್ಕೆ ಅನ್ನ ಬೇಕು. ಬರಿ. ನಾನಂತೂ ನಿಲ್ಸಲ್ಲ.”

ಮೇಸ್ತ್ರಿ ಹನ್ನೊಂದು ಕಿತ್ತಿದ್ದ. ಹನ್ನೆರಡನೆಯದಕ್ಕೆ ಕೈ ಹಾಕಿದ್ದ. ಅವಳು ಅಜ್ಜನ ಫೋನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ಮುಖದ ಹತ್ತಿರ ತಂದುಕೊಂಡಳು.

“ಹೌದು, ನಮ್ಮಣ್ಣ ಕುಡಿದಿದ್ದ. ನಾನೇ ತಂದ್ಕೊಟ್ಟಿದ್ದು. ಯಾಕೆ ಕುಡಿದ ಅಂತ ಹೇಳ್ತೀನಿ, ಕೇಳಿ. ಅವತ್ತು ಬೆಳಗ್ಗೆ ಏಳು ಗಂಟೆಗೆ ನಗರಸಭೆಯ ಇನ್ಸ್‌ಪೆಕ್ಟರು ನಮ್ಮ ಮನೆ ಬಾಗಿಲಿಗೆ ಬಂದು ಹಾರ್ನ್ ಹೊಡೆದ...”