ತಲೆವಸ್ತ್ರ ಸುತ್ತುವಷ್ಟು ಹೊತ್ತು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಬಿಸಿಲು ಹಿತ್ತಲ ನುಗ್ಗೆಮರದ ತುದಿ ಮುಟ್ಟಿದ ಹೊತ್ತಿಗೆ ನಾಲ್ವರು ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ತಮಟೆಯೂ ನಿಂತಿತು. ಎಲ್ಲರೂ ಒಂದು ಮಾತಿಗೆ ಕಾದರು. ಮಾತು ಬರಲಿಲ್ಲ.

ಮಲ್ಲತ್ತಹಳ್ಳಿ ಕೆರೆಯ ಆಚೆಗಿನ ಆ ಊರಿನಲ್ಲಿ ಒಂದು ಕಟ್ಟಳೆ. ಯಾರ ಮನೆಯ ಹೆಣವೇ ಆಗಲಿ, ಊರ ಯಜಮಾನ ‘ಎತ್ರಪ್ಪ’ ಅನ್ನುವವರೆಗೆ ನೆಲ ಬಿಡುವಂತಿಲ್ಲ. ತಲೆ ನರೆತವರಿಗೆ ನೆನಪಿರುವಷ್ಟು ಕಾಲದಿಂದ ಆ ಮಾತು ಹೇಳುತ್ತಿದ್ದವರು ದೊಡ್ಡಹನುಮಯ್ಯ. ಇವತ್ತು ಚಟ್ಟದ ಮೇಲೆ ಮಲಗಿದ್ದವರೂ ಅವರೇ.

“ಉಗ್ರಪ್ಪ, ಹೇಳಪ್ಪ. ಸೊಂಟ ಹಿಡ್ಕೊಂಡದೆ,” ಅಂದ, ಬಗ್ಗಿದ್ದವರಲ್ಲಿ ಒಬ್ಬ.

ಉಗ್ರಪ್ಪ ಸತ್ತವರ ತಮ್ಮ; ಇನ್ನು ಯಜಮಾನಿಕೆ ಅವನದೇ. ಅರವತ್ತು ದಾಟಿದ್ದರೂ ಊರಿಗೆ ಅವನಿನ್ನೂ ತಮ್ಮನೇ. ಬೀಜದ ರಾಗಿಯಿಂದ ಮಗಳ ಮದುವೆಯ ತನಕ ಯಾರು ಏನೇ ಕೇಳಲಿ, ‘ಅಣ್ಣನ್ನ ಕೇಳಿ ಹೇಳ್ತೀನಿ’ ಅನ್ನುವುದು ಅವನ ಬಾಯಿಪಾಠ. ಈಗಲೂ ಅವನು ಬಾಯಿ ತೆರೆದು, “ತಡಿ, ಅಣ್ಣನ್ನ...” ಅನ್ನುತ್ತ ಚಟ್ಟದ ಕಡೆ ತಿರುಗಿದ. ತಿರುಗಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಪಕ್ಕದ ಮನೆಯ ಬೈರಪ್ಪ ನಗು ತಡೆಯಲಿಲ್ಲ. “ಕೇಳು ಕೇಳು, ಬದುಕಿದ್ದಾಗ ಕೇಳಿದ್ದು ಸಾಲ್ದಾ?”

ಹೆಣದ ತಲೆಯ ಬಳಿ ಕೂತಿದ್ದ ಪಟಾಲಮ್ಮ ಇದನ್ನೆಲ್ಲ ಕೇಳುತ್ತಿದ್ದಳು. ಅಳು ರಾತ್ರಿಯೇ ಬತ್ತಿಹೋಗಿತ್ತು. ಈಗ ಉಳಿದಿದ್ದು ರೇಗು. ಗಂಡ ಬುಧವಾರ ಸಂಜೆ ಕಣ್ಣು ಮುಚ್ಚಿದಾಗಿನಿಂದ ಈ ಗಂಡಸರು ಒಂದು ಮಾತಿಗೆ ಬಂದಿರಲಿಲ್ಲ. ಎತ್ತುವುದಿರಲಿ, ಎತ್ತಿ ಎಲ್ಲಿಗೆ ಒಯ್ಯುವುದು ಅನ್ನುವುದೇ ಗೊತ್ತಾಗಿರಲಿಲ್ಲ.

“ಲಾರಿಗೆ ಹೇಳಿದೀನಿ ಚಿಕ್ಕಪ್ಪ,” ಅಂದ ಮಗ ವೆಂಕಟರಮಣಪ್ಪ. ಅವನು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. “ಊರೋರೆಲ್ಲ ಹೋಗೋ ದೂರದ ಸ್ಮಶಾನಕ್ಕೇ ಹೋಗೋಣ. ಆದ್ರೆ ಎಮ್ಮೆಲ್ಲೆ ಕಡೆಯೋರು ಹಾರ ತಗೊಂಡು ಬರ್ತಾರಂತೆ. ಒಂಚೂರು ಕಾಯೋಣ ಅಂತ.”

“ಯಜಮಾನನ್ನ ಲಾರೀಲಿ ಒಯ್ಯದಾ? ಇಟ್ಟಿಗೆ ಸಾಗಿಸ್ದಂಗೆ?” ಬೈರಪ್ಪ ಧ್ವನಿ ಏರಿಸಿದ. “ಹೊಸ ರಸ್ತೆ ಪಕ್ಕ ಒಂದು ತುಂಡು ಉಳಿದೈತೆ. ಅವರಪ್ಪ ಮಲಗಿರೋ ಜಾಗ. ಅಲ್ಲೇ ಗುಂಡಿ ತೆಗೀರಿ.”

“ಲೇಔಟಿನೋರು ಬಂದು ಕಿತ್ತಾಕಿದ್ರೆ?” ಅಂದ ವೆಂಕಟರಮಣಪ್ಪ.

“ಕಿತ್ತಾಕಿದ್ರೆ ನಾನೇನ್ ಮಾಡ್ಲಿ? ಸ್ಮಶಾನ ಬಿಟ್ಕೊಟ್ಟೋನು ನಾನಾ? ಚಟ್ಟದ ಮೇಲವ್ನಲ್ಲ, ಅವನನ್ನ ಕೇಳು.”

ಬಗ್ಗಿದ್ದ ನಾಲ್ವರೂ ಸೊಂಟ ನೆಟ್ಟಗೆ ಮಾಡಿಕೊಂಡು ಬೀಡಿ ಹುಡುಕಿದರು.

*

ಕೆಲವು ವರ್ಷದ ಹಿಂದೆ ಲೇಔಟಿನ ಜೀಪು ಬಂದ ದಿನ ಊರಿನ ಗಂಡಸರೆಲ್ಲ ಅರಳಿಕಟ್ಟೆಯ ಸುತ್ತ ಸೇರಿದ್ದರು. ಚಂದ್ರಾ ಲೇಔಟಿನ ಕಡೆಯಿಂದ ಕಲ್ಲು ನೆಡುತ್ತ ಬಂದವರು ಊರ ಬಾಗಿಲಿಗೆ ಬಂದು ನಿಂತಿದ್ದರು. ರಸ್ತೆ ಹೋಗಲೇಬೇಕು, ಒಂದೋ ಸ್ಮಶಾನದ ಮೇಲೆ, ಇಲ್ಲವೇ ಮಾರಮ್ಮನ ತೋಪಿನ ಮೇಲೆ. ತೋಪಿನಲ್ಲಿ ಊರಿಗೆಲ್ಲ ಕುಡಿಯುವ ನೀರಿನ ಬಾವಿ. ಸಂಜೆಯೊಳಗೆ ಹೇಳಿ, ಹೇಳದಿದ್ದರೆ ನಮಗೆ ತೋಚಿದ ಕಡೆ ಗೆರೆ ಎಳೆಯುತ್ತೇವೆ ಅಂದರು.

“ನೀವು ಹೇಳ್ದಂಗೆ ಯಜಮಾನ್ರೇ,” ಅಂದರು ಎಲ್ಲರೂ. ಬೈರಪ್ಪ ಆ ಹೊತ್ತಿಗೇ ಹಸುವಿಗೆ ನೀರು ತೋರಿಸುವುದು ನೆನಪಾಗಿ ಎದ್ದುಹೋದ.

ದೊಡ್ಡಹನುಮಯ್ಯ ತಲೆವಸ್ತ್ರ ಬಿಚ್ಚಿದರು. ಒಂದು ಸಲ ಜಾಡಿಸಿ ನಿಧಾನವಾಗಿ ಸುತ್ತತೊಡಗಿದರು. ಯಾವ ತೀರ್ಮಾನಕ್ಕೂ ಮುಂಚೆ ಅವರು ಹಾಗೆ ಮಾಡುವುದು ಊರಿಗೇ ಗೊತ್ತು. ಆ ಗತ್ತಿಗೆ ಜನ ಉಸಿರು ಹಿಡಿದು ಕಾಯುತ್ತಿದ್ದರು. ಕೊನೆಯ ಸುತ್ತನ್ನು ಸಿಕ್ಕಿಸಿಕೊಂಡು ಹೇಳಿದರು:

“ಸ್ಮಶಾನ ತಗೊಳ್ಳಿ. ಬಾವಿ ಮುಟ್ಟಬ್ಯಾಡಿ.”

ಮನೆಗೆ ಬಂದು ಊಟಕ್ಕೆ ಕೂತರೆ ಮುದ್ದೆ ಮುರಿಯಲಾಗಲಿಲ್ಲ. ಬೆರಳು ನಡುಗುತ್ತಿದ್ದವು. ಪಟಾಲಮ್ಮ ತಾನೇ ಮುರಿದು ಸಾರಿಗೆ ಅದ್ದಿ ಕೊಟ್ಟಳು.

“ಯಾವಾಗ್ಲೂ ಇಂಗೇನಾ?”

“ಯಾವಾಗ್ಲೂ ಇಂಗೇ ಕಣೆ. ವಸ್ತ್ರ ಹಿಡ್ಕೊಂಡ್ರೆ ನಡುಕ ಕಾಣಾಕಿಲ್ಲ. ಸುತ್ತೋ ಅಷ್ಟ್ರಲ್ಲಿ ಒಂದು ಮಾತು ಹುಡುಕ್ಕೊಂತೀನಿ.”

“ಅಷ್ಟು ಹೆದ್ರಿಕೆ ಇದ್ಮೇಲೆ ಯಾಕ್ ಹೇಳ್ಬೇಕು? ಬಿಟ್ಟಾಕಿ.”

“ಬಿಟ್ಟಾಕಿದ್ರೆ ಎರಡೂ ಹೋಗ್ತಿದ್ವು.”

ಆಮೇಲೆ ಊರಿನ ಹೆಣಗಳು ಲಾರಿ ಹತ್ತಿದವು. ಒಂದೊಂದು ಲಾರಿ ಹೊರಟಾಗಲೂ ಅವರಿಗೆ ಬೈಗುಳ. ಬೈದು ಬಾಯಿ ಒಣಗಿದವರು ಅದೇ ಬಾವಿಯ ನೀರು ಕುಡಿದು ಮನೆಗೆ ಹೋದರು. ಬಾವಿ ಉಳಿಯಿತು ಅಂತ ಒಂದು ನರಪಿಳ್ಳೆಯೂ ಅನ್ನಲಿಲ್ಲ. ಪಟಾಲಮ್ಮ ಒಬ್ಬಳೇ ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು.

ಹೋದ ವಾರ, ಮಂಚದ ಮೇಲೆ ಮಲಗಿದ್ದ ಗಂಡ ಅವಳನ್ನು ಹತ್ತಿರ ಕರೆದಿದ್ದರು.

“ರಸ್ತೆ ಪಕ್ಕ ಅಪ್ಪನ ತಾವ ಒಂದ್ ತುಂಡು ಉಳಿದೈತೆ. ನೋಡ್ಕೊಂಡು ಬಂದಿದೀನಿ. ನನ್ನ ಅಲ್ಲೇ ಇಕ್ಬಿಡಿ. ನೀನ್ ಹೇಳಿದ್ರೆ ಕೇಳ್ತಾರೆ.”

ತನಗೆ ಅಂತ ಅವರು ಕೇಳಿದ್ದು ಅದೊಂದೇ.

*

ಬಿಸಿಲು ನೆತ್ತಿಗೆ ಬಂತು. ಲಾರಿ ಬಂದು ಬೇಲಿಯ ಪಕ್ಕ ನಿಂತಿತು. ಹಾರದವರು ಬರಲಿಲ್ಲ. ಹೆಣಕ್ಕೆ ಹಾಕಿದ್ದ ಚೆಂಡುಹೂವಿಗೆ ನೊಣ ಮುತ್ತತೊಡಗಿತು. ಪಟಾಲಮ್ಮ ಸೆರಗಿನಿಂದ ಬೀಸಿ ಬೀಸಿ ಕೈ ಸೋತಳು.

“ಇದೇನೇ ತಾಯಿ, ಸಂಜೆ ಗಂಟ ಇಂಗೇ ಮಡಗ್ತಾರಾ?” ಪಕ್ಕದಲ್ಲಿದ್ದ ಮುದುಕಿ ನರಸಮ್ಮ ಕೇಳಿದಳು.

ಅಷ್ಟರಲ್ಲಿ ಉಗ್ರಪ್ಪ ಬಂದು ಅತ್ತಿಗೆಯ ಎದುರು ಕುಕ್ಕರುಗಾಲಲ್ಲಿ ಕೂತ. ಹಣೆಯ ಮೇಲೆ ಬೆವರು.

“ಅತ್ತಿಗೆ, ಇವರು ಅಲ್ಲಿ ಅಂತಾರೆ, ಅವರು ಇಲ್ಲಿ ಅಂತಾರೆ. ಅಣ್ಣ ನಿಮ್ಮತ್ರ ಏನಾರ ಹೇಳಿದ್ನಾ? ಒಂದ್ ಮಾತು ಅವನು ಹೇಳಿದ್ರೆ ಸಾಕು. ಅಣ್ಣ ಹೇಳವ್ನೆ ಅಂತ ಹೇಳಿ ಮುಗಿಸ್ಬಿಡ್ತೀನಿ.”

ಮಾತು ಅವಳ ಬಾಯಿಗೇ ಬಂದಿತ್ತು. ತುಟಿಯನ್ನೂ ತೆರೆದಳು. ಉಗ್ರಪ್ಪನ ಮುಖ ಆಗಲೇ ಹಗುರಾಗಿತ್ತು, ಹೊರೆ ಇಳಿಸಿದವನ ಹಾಗೆ. ಅವನ ಹಿಂದೆ ಬೈರಪ್ಪ ಕಿವಿ ನಿಮಿರಿಸಿ ನಿಂತಿದ್ದ.

ಅವಳು ಆ ಎರಡು ಮುಖ ನೋಡಿದಳು. ಅಣ್ಣ ಹೇಳವ್ನೆ ಅನ್ನುತ್ತಾರೆ, ರಸ್ತೆಯ ಪಕ್ಕ ಹೂಳುತ್ತಾರೆ. ನಾಳೆ ಲೇಔಟಿನವರು ಬಂದು ಗಲಾಟೆ ಮಾಡಿದರೆ ಒಬ್ಬರೂ ಎದುರು ನಿಲ್ಲುವುದಿಲ್ಲ. ಊರಿನ ಜಾಗ ಕೊಟ್ಟ, ತಾನು ಮಾತ್ರ ಅಪ್ಪನ ಪಕ್ಕ ಮಲಗಿದ ಅನ್ನುತ್ತಾರೆ. ಸತ್ತ ಮೇಲೂ ಗಂಡನ ತಲೆಗೇ ಕಟ್ಟುತ್ತಾರೆ.

“ಹೇಳಿದ್ನಾ ಅತ್ತಿಗೆ?”

“ಇಲ್ಲ,” ಅಂದಳು ಪಟಾಲಮ್ಮ. “ಏನೂ ಹೇಳ್ಲಿಲ್ಲ.”

“ಏನೂ?”

“ಏನೂ ಇಲ್ಲ ಕಣೋ ಉಗ್ರಪ್ಪ. ಎದ್ದೋಗಿ ನೀನ್ ಹೇಳು.”

ಉಗ್ರಪ್ಪ ಮಂಡಿಗೆ ಕೈ ಊರಿ ಎದ್ದ. ಚಟ್ಟದ ಬಳಿ ಹೋಗಿ ನಿಂತು, ಹೆಗಲ ಮೇಲಿನ ವಸ್ತ್ರ ತೆಗೆದ. ಒಂದು ಸಲ ಜಾಡಿಸಿದ. ತಲೆಗೆ ಸುತ್ತತೊಡಗಿದ.

ಅಂಗಳದ ಗಲಾಟೆ ನಿಂತಿತು. ನರಸಮ್ಮ ಪಟಾಲಮ್ಮನ ತೋಳು ತಿವಿದಳು. “ನೋಡೇ, ಥೇಟ್ ಅವರಣ್ಣನೇ. ಅದೇನ್ ಗತ್ತು!”

ಪಟಾಲಮ್ಮ ಅವನ ಬೆರಳು ನೋಡುತ್ತಿದ್ದಳು. ಒಂದು ಸುತ್ತು ಜಾರಿತು. ಮತ್ತೆ ಹಿಡಿದು ಸುತ್ತಿದ.

“ಊರಿನ ಹೆಣ ಎಲ್ಲ ಎಲ್ಲಿಗೆ ಹೋಗ್ತವೋ ಅಣ್ಣನೂ ಅಲ್ಲಿಗೇ ಹೋಗ್ಲಿ,” ಅಂದ ಉಗ್ರಪ್ಪ. ಧ್ವನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. “ಅವನಿಗೊಂದು, ಊರಿಗೊಂದು ಬ್ಯಾಡ. ಯಾರಿಗೂ ಕಾಯದೂ ಬ್ಯಾಡ. ಯಾರಾನ ಕೇಳಿದ್ರೆ ಉಗ್ರಪ್ಪ ಹೇಳ್ದ ಅನ್ನಿ.”

ಪಟಾಲಮ್ಮ ಚಟ್ಟದ ಪಕ್ಕದ ಮಣ್ಣನ್ನು ಹಿಡಿಯಲ್ಲಿ ಹಿಡಿದಳು. ಈಗಲೂ ಒಂದು ಮಾತು ಕೂಗಿದರೆ ಸಾಕಿತ್ತು. ಚಟ್ಟದ ಮೇಲಿನ ಮುಖ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

“ಎತ್ರಪ್ಪ,” ಅಂದ ಉಗ್ರಪ್ಪ.

ನಾಲ್ವರೂ ಬಗ್ಗಿದರು. ಈ ಸಲ ಎತ್ತಿದರು. ತಮಟೆ ಮತ್ತೆ ಮೊಳಗಿತು.

“ಲಾರಿಗೇ ಹಾಕ್ದ ನೋಡು, ಒಡಹುಟ್ಟಿದೋನ್ನ,” ಅಂತ ಬೈರಪ್ಪ ಬೇಲಿಯ ಬಳಿ ಯಾರಿಗೋ ಹೇಳುತ್ತಿದ್ದ. ಉಗ್ರಪ್ಪನಿಗೆ ಅದು ಕೇಳಿಸಿತು. ತಿರುಗಿ ನೋಡದೆ ಲಾರಿ ಹತ್ತಿದ.

ಹೆಂಗಸರು ಊರ ಬಾಗಿಲ ತನಕ ಬಂದು ನಿಂತರು. ಅಲ್ಲಿಂದ ಮುಂದೆ ಹೊಸ ರಸ್ತೆ. ಅಂಚಿನಲ್ಲಿ ಉಳಿದಿದ್ದ ತುಂಡು ನೆಲದಲ್ಲಿ ಯಾರೋ ಎಮ್ಮೆ ಕಟ್ಟಿದ್ದರು. ಲಾರಿ ಅದರ ಪಕ್ಕದಲ್ಲೇ ಹಾದುಹೋಯಿತು. ಎಮ್ಮೆ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಲಾರಿಯ ಮೇಲೆ ನಿಂತಿದ್ದ ಉಗ್ರಪ್ಪನ ವಸ್ತ್ರ ಗಾಳಿಗೆ ಬಿಚ್ಚಿಕೊಂಡಿತು. ಅವನು ಎರಡೂ ಕೈಯಲ್ಲಿ ಅದನ್ನು ತಲೆಗೆ ಅದುಮಿ ಹಿಡಿದುಕೊಂಡ.

ಗುರುವಾರ, ನೆರಳು ಪೂರ್ವಕ್ಕೆ ವಾಲುವ ಹೊತ್ತಿಗೆ, ತಾವೇ ಬಿಟ್ಟುಕೊಟ್ಟ ರಸ್ತೆಯ ಮೇಲೆ ದೊಡ್ಡಹನುಮಯ್ಯ ಊರು ಬಿಟ್ಟರು. ಪಟಾಲಮ್ಮ ಹಿಡಿಯಲ್ಲಿದ್ದ ಮಣ್ಣನ್ನು ತಂದು, ಎಮ್ಮೆಯನ್ನು ಆಚೆ ಸರಿಸಿ, ಆ ತುಂಡು ನೆಲದಲ್ಲಿ ಸುರಿದಳು.