ಅಕ್ಕನ ಕೆಮ್ಮು

ಕಾಡುಬೆಕ್ಕಿನ ಮರಿಯ ಮುಂದೆ ಬಾಯಿ ಬಿಡಬಾರದು. ನಮ್ಮ ಆರೈಕೆ ಕೇಂದ್ರದಲ್ಲಿ ಈ ನಿಯಮಕ್ಕೆ ಯಾರಿಗೂ ವಿನಾಯಿತಿಯಿಲ್ಲ. ಮುಖಕ್ಕೆ ಮುಸುಕು, ಕೈಗೆ ಗವಸು, ಮೈಮೇಲೆ ಮನುಷ್ಯರ ವಾಸನೆ ಬರದಂತೆ ಸೊಪ್ಪು ತಿಕ್ಕಿದ ನಿಲುವಂಗಿ. ಮನುಷ್ಯರ ಸಲಿಗೆ ಹತ್ತಿತೋ, ಕಾಡಿಗೆ ಬಿಟ್ಟ ಮರುದಿನವೇ ಯಾರದೋ ಹಿತ್ತಿಲಿಗೆ ಬಂದು ದೊಣ್ಣೆಯೇಟು ತಿನ್ನುತ್ತದೆ. ಬಾಯಿಬಡುಕಿಯಾದ ನನ್ನಕ್ಕ ಈ ಕೆಲಸಕ್ಕೆ ಹೇಗೆ ಸೇರಿದಳೋ ನಾ ಕಾಣೆ. ಆದರೆ ತಾಯಿ ಲಾರಿಗೆ ಸಿಕ್ಕಿ ಸತ್ತು, ಇನ್ನೂ ಕಣ್ಣು ಬಿಡದ ಮರಿಯೊಂದು ಬಂದ ದಿನದಿಂದ ಅವಳು ಬೋನಿನ ಬಳಿ ತುಟಿ ಪಿಟಕ್ಕೆನ್ನಲಿಲ್ಲ.

ಕಾಡಿಗೆ ಬಿಡುವ ಮುಂಚಿನ ಪರೀಕ್ಷೆಗೆ ಡಾಕ್ಟರು ಬೋನಿನ ಹತ್ತಿರ ಹೋದರು. ಮರಿ ಹಲ್ಲು ಕಿರಿದು ಮೂಲೆ ಸೇರಿತು. ನಾನು ಹೋದೆ, ಆಗಲೂ ಹಾಗೇ. ನನಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಗೋಡೆಯಾಚೆ ಅಕ್ಕ ಕೆಮ್ಮಿದಳು. ಮರಿ ಬಾಲವೆತ್ತಿಕೊಂಡು ಓಡಿಬಂದು ತಂತಿಗೆ ಮೈ ಉಜ್ಜತೊಡಗಿತು.

ಎಷ್ಟೋ ತಿಂಗಳಿಂದ ಅವಳ ಎದೆಯಲ್ಲಿ ಕೂತ ಕೆಮ್ಮು ಅದು. ಮಾತು ನುಂಗಬಹುದು, ಕೆಮ್ಮು ನುಂಗಲಾಗುತ್ತದೆಯೇ? ಹಾಲಿನ ಬಾಟಲಿಗೂ ಮಾಂಸದ ತಟ್ಟೆಗೂ ಮುಂಚೆ ಅದೇ ಬರುತ್ತಿತ್ತು. ಮರಿಗೆ ತಾಯಿಯೆಂದರೆ ಆ ಸದ್ದು. ನಮಗ್ಯಾರಿಗೂ ಇದು ಹೊಳೆದೇ ಇರಲಿಲ್ಲ.

"ಇದನ್ನ ಬಿಡೋಕಾಗಲ್ಲಮ್ಮ," ಎಂದರು ಡಾಕ್ಟರು. "ಕೆಮ್ಮೋರು ಎಲ್ಲಾ ಕಡೆ ಇರ್ತಾರೆ. ಬೋನಲ್ಲೇ ಇರಲಿ."

"ಸಾಯೋವರೆಗೂನಾ?" ಅಕ್ಕ ಕೇಳಿದಳು.

ದಾರಿ ಹುಡುಕಿದವಳೂ ಅಕ್ಕನೇ. "ನಾನು ಕೆಮ್ತೀನಿ. ನೀನು ಡಬ್ಬ ಬಡಿ, ನೀರು ಎರಚು. ಅಯ್ಯೋ ಪಾಪ ಅನ್ಬೇಡ ಕಣೇ."

"ನಿಂಗೇನು ತಲೆ ಕೆಟ್ಟಿದೆಯಾ ಅಕ್ಕಾ?"

"ಕೆಟ್ಟಿದ್ರೆ ಕೆಟ್ಟಿರ್ಲಿ. ಬಡಿ."

ದಿನವೂ ಬಡಿದೆ. ಅವಳು ಕೆಮ್ಮುವಳು, ಮರಿ ಆಸೆಯಿಂದ ಓಡಿಬರುವುದು, ನಾನು ಅದರ ಮುಖಕ್ಕೇ ನೀರು ಎರಚುವೆ. ಹಾಳು ಕೆಲಸ. ಸಿಟ್ಟನ್ನೆಲ್ಲ ಮನೆಗೆ ಬಂದು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಮೊದಮೊದಲು ಮರಿ ತೊಯ್ದು ತೊಪ್ಪೆಯಾದರೂ ಮತ್ತೆ ಬರುತ್ತಿತ್ತು. ಮುಸುಕಿನೊಳಗೆ ಅಕ್ಕ ಅಳುತ್ತಿದ್ದಳು, ಅಳುತ್ತಲೇ ಕೆಮ್ಮುತ್ತಿದ್ದಳು. ಕೊನೆಗೊಂದು ದಿನ ಅದು ಬರಲಿಲ್ಲ.

ಕಾಡಿನಂಚಿನಲ್ಲಿ ಪೆಟ್ಟಿಗೆಯ ಬಾಗಿಲೆತ್ತಿದಾಗ ಅದು ಬೆಳೆದ ಬೆಕ್ಕು. ಹೊರಬಂದು ನಾಲ್ಕು ಹೆಜ್ಜೆ ಹಾಕಿ, ನಿಂತು, ಜೀಪಿನ ಕಡೆ ತಿರುಗಿತು. ಒಳಗೆ ಅಕ್ಕ ಕರವಸ್ತ್ರ ಬಾಯಿಗೊತ್ತಿ ಕೂತಿದ್ದಳು. ಬೆಕ್ಕು ಕದಲಲಿಲ್ಲ. ಅಕ್ಕ ಕರವಸ್ತ್ರ ತೆಗೆದು, ಬೇಕೆಂದೇ, ಜೋರಾಗಿ ಕೆಮ್ಮಿದಳು.

ಬೆಕ್ಕು ಬೆಚ್ಚಿ, ಕಿವಿ ಮಡಚಿ, ಒಂದೇ ನೆಗೆತಕ್ಕೆ ಪೊದೆಯೊಳಗೆ ಮಾಯವಾಯಿತು.

"ಹೋಯ್ತಾ?"

"ಹೋಯ್ತಕ್ಕ."

"ತಿರುಗಿ ನೋಡ್ತಾ?"

"ಇಲ್ಲ."

"ಸದ್ಯ," ಎಂದಳು. ಆಮೇಲೆ ದಾರಿಯುದ್ದಕ್ಕೂ ಕೆಮ್ಮು ಬಂದಾಗಲೆಲ್ಲ, ಕೇಳಿ ಹೆದರುವವರು ಯಾರೂ ಇಲ್ಲದಿದ್ದರೂ, ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.