ನಡುವಿನ ಗಾಂಧಾರ

ಭಜನೆಯ ಎರಡನೆಯ ಸಾಲಿನಲ್ಲಿ ಹುಲಿಗೇಶ ಹಾರ್ಮೋನಿಯಂ ಪೇಟಿಯ ಗಾಂಧಾರ ಒತ್ತಿದ. ಹಾಡುತ್ತಿದ್ದವರೆಲ್ಲ ತಡವರಿಸಿ ನಿಂತರು.

"ಏನ್ ಪೇಟಿಲೇ ಇದು," ಎಂದ ತಾಳದ ದೇವಪ್ಪ. "ಊರ ಪೇಟಿ ಎಲ್ಲಾ ಸರಿ ಮಾಡಿದಾ ಮೈಲಾರಪ್ಪಣ್ಣ, ತನ್ನದೊಂದು ಹಿಂಗ ಬಿಟ್ಟಾನ."

ಬೆಟಗೇರಿಯ ಆ ಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಮೈಲಾರಪ್ಪನ ಹಣೆ ತುಂಬ ಭಂಡಾರದ ಅರಿಶಿನವಿತ್ತು. ಭಜನಾ ಮಂಡಳಿಯ ಪೇಟಿಯನ್ನು ರಿಪೇರಿಗೆ ಬಿಚ್ಚಿ ಹಾಕಿದ್ದಾಗಲೇ ಅವನ ಎದೆಬಡಿತ ನಿಂತಿತ್ತು. ಅದರ ತುಣುಕುಗಳು ಒಳಕೋಣೆಯಲ್ಲಿ ಹರಡಿಕೊಂಡಿದ್ದವು. ಉಳಿದದ್ದು ಅವನ ಸ್ವಂತದ್ದೊಂದೇ.

"ಮಂಜುಳಾ, ಎರಡು ಸ್ವರ ಇಳದಾವು. ಜಲ್ದಿ ಏರಿಸಿ ಕೊಡವಾ," ಎಂದು ಹುಲಿಗೇಶ ಮೈಲಾರಪ್ಪನ ಮಗಳತ್ತ ನೋಡಿದ. "ನಿಮ್ಮಪ್ಪ ಕಲಿಸ್ಯಾನಲ್ಲ."

"ಅವು ಕೆಟ್ಟಿಲ್ಲ, ಕಾಕಾ. ಅಪ್ಪ ಬೇಕಂತ ಇಳಿಸ್ಯಾನ."

"ಯಾರಿಗೆ ಬೇಕಾಗಿತ್ತವಾ ಅದು?"

*

ಪೇಟಿ ರಿಪೇರಿಯ ಅಂಗಡಿ ಮುಚ್ಚಿದ ಸಂಜೆಗಳಲ್ಲಿ ಮೈಲಾರಪ್ಪ ತನ್ನ ಪೇಟಿ ಬಿಚ್ಚುತ್ತಿದ್ದ. ತಿದಿ ಒತ್ತುವುದು ಮಂಜುಳಾಳ ಕೆಲಸ. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಯ ಬುಡ ಕೆರೆದರೆ ಸ್ವರ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಕೆರೆದ ಹಿತ್ತಾಳೆ ಮಾತ್ರ ಮತ್ತೆ ಬರುವುದಿಲ್ಲ. ವರ್ಷಗಟ್ಟಲೆ ಕೂತು ಅವನು ಗಾಂಧಾರವನ್ನೂ ಧೈವತವನ್ನೂ ಕೋಮಲಕ್ಕೂ ಶುದ್ಧಕ್ಕೂ ನಡುವೆ ತಂದು ನಿಲ್ಲಿಸಿದ್ದ. ಹಾಗೆ ಹುಟ್ಟಿದ ಸ್ವರಸಾಲಿಗೆ ಹೆಸರಿರಲಿಲ್ಲ. ಬಾರಿಸಿದರೆ, ಯಾರೋ ಬಾಗಿಲ ತನಕ ಬಂದು ಒಳಗೆ ಬಾರದೆ ನಿಂತ ಹಾಗೆ ಕೇಳುತ್ತಿತ್ತು.

"ದಿನಾ ಮಂದಿ ಪೇಟಿನೆಲ್ಲಾ ಒಂದ ಅಳತಿಗೆ ಕೂಡಸ್ತೀನಿ," ಎನ್ನುತ್ತಿದ್ದ. "ಈ ಎರಡು ಸ್ವರದ ನಡುವ ಜಾಗ ಐತೆವಾ. ಅಲ್ಲಿ ಉಸರಾಡಾಕ ಬರತೈತಿ."

*

"ಹೊತ್ತು ಮುಣಗೂದ್ರೊಳಗ ಮಣ್ಣು ಮಾಡಬೇಕು," ಎಂದ ದೇವಪ್ಪ. "ಭಜನಿ ಇಲ್ಲದ ಎತ್ತಾಕ ಬರಂಗಿಲ್ಲ."

ಅವ್ವನಾದರೂ ಬೇಡವೆಂದಾಳು ಎಂದು ಮಂಜುಳಾ ತಿರುಗಿದಳು. ಮರಿಯವ್ವ ಗಂಡನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು.

"ಕೆರಿಯವಾ," ಎಂದಳು. "ಜೀವ ಇದ್ದಾಗ ಒಬ್ಬನ ಕುಂತು ಬಾರಿಸಿದಾ. ಇವತ್ತರ ಮಂದಿ ಕೂಡ ಹೋಗಲಿ."

ಒಳಕೋಣೆಯಲ್ಲಿ ಅಪ್ಪನ ಅರ ಹಿಡಿದು ಮಂಜುಳಾ ಎರಡೂ ನಾಲಿಗೆಗಳ ತುದಿ ಕೆರೆದಳು. ಕೈ ತಪ್ಪಲಿ ಎಂದುಕೊಂಡಳು. ತಪ್ಪಲಿಲ್ಲ, ಅವನು ಕಲಿಸಿದ್ದೇ ಹಾಗೆ.

ಹುಲಿಗೇಶ ಒತ್ತಿ ನೋಡಿ ತಲೆಯಾಡಿಸಿದ. "ಈಗ ಖರೆ ಬಂತು. ಇನ್ನ ಮ್ಯಾಲೆ ನಮ್ಮ ಪೇಟಿನೂ ನೀನ ನೋಡಬೇಕವಾ."

ಭಜನೆ ಎದ್ದಿತು. ಎಲ್ಲರ ದನಿಯೂ ಪೇಟಿಯ ದನಿಯಲ್ಲಿ ಸರಿಯಾಗಿ ಕೂತಿತು. ಮಂಜುಳಾ ಭಂಡಾರದ ಬಟ್ಟಲಿಗೆ ಕೈ ಹಾಕಲಿಲ್ಲ. ಬೆರಳಿಗಂಟಿದ್ದ ಹಿತ್ತಾಳೆಯ ಪುಡಿಯನ್ನೇ ಅಪ್ಪನ ಹಣೆಗೆ ಒರೆಸಿದಳು. ಹಳದಿಯ ಮೇಲೆ ಹಳದಿ, ಯಾರಿಗೂ ಕಾಣಲಿಲ್ಲ. ಹೆಣ ಎತ್ತಿ ಹೊರಟಾಗ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದವಳಿಗೆ, ಓಣಿಯ ತಿರುವಿನ ಬಿಸಿಲಿನಲ್ಲಿ ಆ ಹಣೆ ಒಮ್ಮೆ ಮಿಂಚಿತು.